ಡೆಮಿ 1/8 ಪುಸ್ತಕಕ್ಕೆ ಬ್ಲೀಡ್: ಅಂಚಿನಾಚೆಯ 3 ಮಿ.ಮೀ. ಲೆಕ್ಕ

ಮುಖಪುಟ ಪೂರ್ತಿ ಕಡುನೀಲಿ. ಪುಸ್ತಕ ಬೈಂಡ್ ಆಗಿ ಬಂದಾಗ ನೋಡಿದರೆ ಬಲ ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ. ಮೇಲ್ಗಡೆ ಕಾಣುವುದಿಲ್ಲ, ಕೆಳಕ್ಕೆ ಬಂದಂತೆ ದಪ್ಪವಾಗುತ್ತದೆ. ಒಂದು ಕಟ್ಟಿನಲ್ಲಿ ನಾಲ್ಕಾರು ಪ್ರತಿ ಹೀಗೆ, ಉಳಿದವು ಚೊಕ್ಕ. ಬೈಗುಳ ಕಟಿಂಗ್ ಮಷೀನಿನವರ ಪಾಲಿಗೆ ಹೋಗುತ್ತದೆ. ತಪ್ಪು ಸಾಮಾನ್ಯವಾಗಿ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಕಟ್ಟುವ) ಫೈಲಿನಲ್ಲೇ ಇರುತ್ತದೆ. ಬಣ್ಣವನ್ನು ಪುಟದ ಅಂಚಿಗೆ ಸರಿಯಾಗಿ ತಂದು ನಿಲ್ಲಿಸಿರುತ್ತಾರೆ, ಆಚೆಗೆ ದಾಟಿಸಿರುವುದಿಲ್ಲ.

ಆಚೆಗೆ ದಾಟಿಸುವ ಆ ಭಾಗವೇ ಬ್ಲೀಡ್. ಕತ್ತರಿಸಿ ಬಿಸಾಕಲೆಂದೇ ಅಚ್ಚು ಹಾಕುವ ಬಣ್ಣ ಅದು. ನಮ್ಮಲ್ಲಿ ರೂಢಿ ಬದಿಗೆ 3 ಮಿ.ಮೀ. ಅಮೆರಿಕದಲ್ಲಿ 1/8 ಇಂಚು, ಅಂದರೆ 3.175 ಮಿ.ಮೀ.

3 ಎಲ್ಲಿಂದ ಬಂತು? ಕಟಿಂಗ್ ಮಷೀನಿಗೆ ಹಾಳೆಗಳು ಒಂದೊಂದಾಗಿ ಹೋಗುವುದಿಲ್ಲ, ಅಟ್ಟಿಯಾಗಿ ಹೋಗುತ್ತವೆ. ಮೇಲಿನಿಂದ ಕ್ಲ್ಯಾಂಪ್ ಒತ್ತುತ್ತದೆ, ಬ್ಲೇಡ್ ಇಳಿಯುವಾಗ ಹಾಳೆಗಳನ್ನು ತುಸು ಎಳೆದುಕೊಂಡೇ ಇಳಿಯುತ್ತದೆ. ಅಟ್ಟಿಯ ಮೇಲಿನ ಹಾಳೆಗೂ ತಳದ ಹಾಳೆಗೂ ಅರ್ಧ ಮಿ.ಮೀ. ಹೆಚ್ಚುಕಮ್ಮಿ ಬರುವುದು ಮಾಮೂಲು. ಬ್ಲೇಡ್ ಮೊಂಡಾಗಿದ್ದರೆ ಇನ್ನೂ ಜಾಸ್ತಿ. ಅದರ ಜೊತೆಗೆ ಫಾರಂ (ಹಲವು ಪುಟ ಒಟ್ಟಿಗೆ ಅಚ್ಚಾದ ದೊಡ್ಡ ಹಾಳೆ) ಮಡಿಸುವಾಗಿನ ವ್ಯತ್ಯಾಸ, ಹಾಳೆಯ ಎರಡು ಬದಿಯ ಅಚ್ಚು ಒಂದರ ಬೆನ್ನಿಗೊಂದು ಸರಿಯಾಗಿ ಕೂರದ ವ್ಯತ್ಯಾಸ, ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುವ ವ್ಯತ್ಯಾಸ. ಎಲ್ಲ ಒಂದೇ ದಿಕ್ಕಿಗೆ ಸೇರಿಕೊಂಡರೆ ಒಂದೂವರೆ, ಎರಡು ಮಿ.ಮೀ. ಆಗಿಬಿಡುತ್ತದೆ. ಅಷ್ಟನ್ನು ನುಂಗಿಕೊಂಡು ಇನ್ನೂ ಒಂದು ಮಿ.ಮೀ. ಉಳಿದಿರಲಿ ಎಂದು 3.

ಬ್ಲೇಡ್ ಹೊರಕ್ಕೆ ಜಾರುವಂತೆಯೇ ಒಳಕ್ಕೂ ಜಾರುತ್ತದೆ. ಹಾಗಾಗಿ ಅಕ್ಷರ, ಲೋಗೊ, ಪುಟಸಂಖ್ಯೆ ಯಾವುದೂ ಕಟಿಂಗ್ ಗೆರೆಯಿಂದ ಒಳಕ್ಕೆ 5 ಮಿ.ಮೀ.ವರೆಗಿನ ಜಾಗದಲ್ಲಿ ಬರಬಾರದು. ಪುಸ್ತಕವಾದರೆ 8 ಇಡಿ. ಅಂಚಿಗೆ 3 ಮಿ.ಮೀ. ದೂರದಲ್ಲಿ ಸುತ್ತ ಚಿನ್ನದ ಬಣ್ಣದ ಬಾರ್ಡರ್ ಬೇಕೆಂದು ಲಗ್ನಪತ್ರಿಕೆಯವರು, ಕವನಸಂಕಲನದವರು ಹಟ ಹಿಡಿಯುವುದುಂಟು. ಒಂದು ಮಿ.ಮೀ. ಜಾರಿದರೂ ಆ ಬಾರ್ಡರ್ ಎಡಕ್ಕೆ 2, ಬಲಕ್ಕೆ 4 ಆಗಿ ಕಣ್ಣಿಗೆ ಹೊಡೆಯುತ್ತದೆ. ಬಾರ್ಡರ್ ಬೇಕೇ ಬೇಕಾದರೆ ಅಂಚಿನಿಂದ 10 ಮಿ.ಮೀ. ಒಳಗಿರಲಿ. ಅಲ್ಲಿ 9ಕ್ಕೂ 11ಕ್ಕೂ ಯಾರೂ ತಕರಾರು ತೆಗೆಯುವುದಿಲ್ಲ.

ಒಂದು ಪುಸ್ತಕದ ಅಳತೆ

ಕನ್ನಡ ಪುಸ್ತಕಗಳ ತಾಂತ್ರಿಕ ಪುಟದಲ್ಲಿ ಮತ್ತೆ ಮತ್ತೆ ಕಾಣುವ ಸಾಲು: ಡೆಮಿ 1/8, 70 ಜಿಎಸ್‌ಎಂ ಮ್ಯಾಪ್‌ಲಿಥೋ. ಡೆಮಿ 1/8 ಪುಸ್ತಕದ ಅಳತೆಯ ಹೆಸರು, ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದು, ಮ್ಯಾಪ್‌ಲಿಥೋ ಪುಸ್ತಕಕ್ಕೆ ಬಳಸುವ ಕಾಗದ. ಆ ಸಾಲನ್ನೇ ತೆಗೆದುಕೊಳ್ಳೋಣ. ಕತ್ತರಿಸಿದ ಮೇಲಿನ ಅಳತೆ 5.5×8.5 ಇಂಚು, ಅಂದರೆ 140×216 ಮಿ.ಮೀ. ಪುಟ 208, ಅಂದರೆ 16 ಪುಟದ 13 ಫಾರಂ.

ಒಳಪುಟದಲ್ಲಿ ಅಂಚು ಮುಟ್ಟುವ ಚಿತ್ರವಿದ್ದರೆ ಮೇಲೆ, ಕೆಳಗೆ, ಹೊರಬದಿಗೆ 3 ಮಿ.ಮೀ. ಬ್ಲೀಡ್. ಬೆನ್ನಿನ ಬದಿಗೆ, ಅಂದರೆ ಹಾಳೆಗಳು ಸೇರಿ ಬೈಂಡ್ ಆಗುವ ಕಡೆಗೆ, ಬ್ಲೀಡ್ ಸೊನ್ನೆ, ಏಕೆಂದರೆ ಅಲ್ಲಿ ಅಂಚು ಕತ್ತರಿಸುವ ಕೆಲಸವಿಲ್ಲ.

ಮುಖಪುಟಕ್ಕೆ ಮೊದಲು ಬೆನ್ನಿನ ದಪ್ಪ ಗೊತ್ತಾಗಬೇಕು. 208 ಪುಟ ಎಂದರೆ 104 ಹಾಳೆ. 70 ಜಿಎಸ್‌ಎಂ ಮ್ಯಾಪ್‌ಲಿಥೋ ಒಂದು ಹಾಳೆ ಸುಮಾರು 0.09 ಮಿ.ಮೀ. ಗುಣಿಸಿದರೆ 9.36. ಮುಖಪುಟದ 300 ಜಿಎಸ್‌ಎಂ ಆರ್ಟ್ ಕಾರ್ಡ್ ಎರಡು ಬದಿಗೆ ಸೇರಿ 0.6. ಒಟ್ಟು 10 ಮಿ.ಮೀ. ಎಂದಿಟ್ಟುಕೊಳ್ಳಿ. ಆದರೆ 0.09 ಅನ್ನುವುದು ಅಂದಾಜು ಮಾತ್ರ. ಒಂದೇ ಜಿಎಸ್‌ಎಂ ಕಾಗದವೂ ಮಿಲ್‌ನಿಂದ ಮಿಲ್‌ಗೆ ದಪ್ಪದಲ್ಲಿ ಬೇರೆಯಾಗುತ್ತದೆ. ಪ್ರೆಸ್ಸಿನಿಂದ ಅದೇ ಕಾಗದದ 104 ಹಾಳೆ ತರಿಸಿ, ಗಟ್ಟಿಯಾಗಿ ಒತ್ತಿ ಹಿಡಿದು ವರ್ನಿಯರ್‌ನಲ್ಲಿ ಅಳೆಯುವುದೇ ಸರಿ. ಕೊನೇ ಗಳಿಗೆಯಲ್ಲಿ ಪ್ರಕಾಶಕರು ಕಾಗದವನ್ನು 80 ಜಿಎಸ್‌ಎಂಗೆ ಬದಲಾಯಿಸಿದರೆ ಬೆನ್ನು 11 ಆಗುತ್ತದೆ. ಆಗ ಮುಖಪುಟದ ಫೈಲೂ ಬದಲಾಗಲೇಬೇಕು. ಇದನ್ನು ಹೇಳಲು ಮರೆಯುವುದೇ ಹೆಚ್ಚು.

ಈಗ ಹಿಂಬದಿ 140, ಬೆನ್ನು 10, ಮುಂಬದಿ 140. ಒಟ್ಟು ಅಗಲ 290, ಎತ್ತರ 216. ಮುಖಪುಟಕ್ಕೆ ಮಾತ್ರ 3ರ ಬದಲು 5 ಮಿ.ಮೀ. ಬ್ಲೀಡ್ ಇಡುವುದು ಜಾಣತನ. ಒಳಹಾಳೆಗಳ ಕಟ್ಟಿಗೆ ಮುಖಪುಟವನ್ನು ಗೋಂದು ಹಾಕಿ ಕೂರಿಸುವಾಗ, ಅದರಲ್ಲೂ ಸಣ್ಣ ಬೈಂಡಿಂಗ್ ಅಂಗಡಿಗಳಲ್ಲಿ ಕೈಯಲ್ಲೇ ಕೂರಿಸುವಾಗ, ಮೇಲೆ ಕೆಳಗೆ ಒಂದೆರಡು ಮಿ.ಮೀ. ಜಾರುತ್ತದೆ. ಆಮೇಲೆ ಮೂರು ಬದಿಯನ್ನೂ ಒಟ್ಟಿಗೆ ಕತ್ತರಿಸುತ್ತಾರೆ. ಕಟಿಂಗ್ ತಪ್ಪಿನ ಮೇಲೆ ಅಂಟಿಸಿದ ತಪ್ಪೂ ಕೂಡಿಕೊಳ್ಳುತ್ತದೆ. ಹಾಗಾಗಿ ಫೈಲಿನ ಪೂರ್ಣ ಅಳತೆ 300×226 ಮಿ.ಮೀ. ಫೋಟೊಶಾಪ್‌ನಲ್ಲಿ ಮಾಡುವವರಿಗೆ 300 ಪಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) 3543×2669 ಪಿಕ್ಸೆಲ್.

ಬೆನ್ನಿಗೆ ಬೇರೆ ಬಣ್ಣ ಹಾಕಿ, ಆ ಬಣ್ಣ ಸರಿಯಾಗಿ ಮಡಿಕೆಯ ಗೆರೆಗೇ ನಿಲ್ಲಬೇಕೆಂದು ಬಯಸುವುದು ಬೇಡದ ತಲೆನೋವು. ಬೆನ್ನಿನ ಲೆಕ್ಕ ಅರ್ಧ ಮಿ.ಮೀ. ತಪ್ಪಿದರೂ ಕೆಂಪು ಬೆನ್ನಿನ ಒಂದು ಎಳೆ ಮುಂಬದಿಯ ಹಳದಿಯ ಮೇಲೆ ಇಣುಕುತ್ತದೆ. ಒಂದೋ ಮೂರು ಭಾಗಕ್ಕೂ ಒಂದೇ ಹಿನ್ನೆಲೆ ಹರಿಸಿ, ಇಲ್ಲವೇ ಬೆನ್ನಿನ ಬಣ್ಣವನ್ನು ಬೇಕೆಂದೇ ಮುಂಬದಿ, ಹಿಂಬದಿಗೆ 6–8 ಮಿ.ಮೀ. ಪಟ್ಟಿಯಾಗಿ ಎಳೆಯಿರಿ. ಕ್ಯಾಲಿಕೊ ಪಟ್ಟಿ ಹಾಕಿ ಬೈಂಡ್ ಮಾಡಿದಂತೆ ಕಾಣುತ್ತದೆ, ಚೆನ್ನಾಗಿಯೂ ಇರುತ್ತದೆ.

ಗಟ್ಟಿ ರಟ್ಟಿನ ಪುಸ್ತಕದ ಲೆಕ್ಕವೇ ಬೇರೆ. ಅಲ್ಲಿ ಅಚ್ಚಾದ ಹಾಳೆ ರಟ್ಟಿನ ಅಂಚನ್ನು ಸುತ್ತಿ ಒಳಕ್ಕೆ ಮಡಿಚಿಕೊಳ್ಳಬೇಕು. ಬದಿಗೆ 15ರಿಂದ 18 ಮಿ.ಮೀ. ಹೆಚ್ಚುವರಿ ಬಣ್ಣ ಬೇಕು. ರಟ್ಟು ಒಳಪುಟಗಳಿಗಿಂತ ಮೂರು ಬದಿಗೂ ಸುಮಾರು 3 ಮಿ.ಮೀ. ಹೊರಚಾಚಿರುತ್ತದೆ, ಬೆನ್ನಿನ ಪಕ್ಕ ಮಡಿಕೆಯ ಕಾಲುವೆಗೂ ಜಾಗ ಬೇಕು. ಇದಕ್ಕೆ ಬೈಂಡರ್ ಹತ್ತಿರ ಅಳತೆ ಬರೆಸಿಕೊಂಡ ಮೇಲೇ ಫೈಲ್ ತೆರೆಯಿರಿ.

ಡೆಮಿ ಹಾಳೆಯಲ್ಲಿ ಜಾಗವೆಲ್ಲಿದೆ?

ಇಲ್ಲಿಯವರೆಗಿನದು ಯಾರು ಬೇಕಾದರೂ ಹೇಳಿಕೊಡುವ ವಿಷಯ. ಒಳಪುಟದ ಬ್ಲೀಡ್‌ನಲ್ಲಿ ನಿಜವಾಗಿ ಎಡವುವುದು ಬೇರೆ ಕಡೆ. ಫೈಲಿನಲ್ಲಿ 3 ಮಿ.ಮೀ. ಇಟ್ಟರೂ ಕಾಗದದಲ್ಲಿ ಅದಕ್ಕೆ ಜಾಗ ಇರಬೇಕಲ್ಲ?

ಡೆಮಿ ಪುಸ್ತಕಕ್ಕೆ ಸಾಮಾನ್ಯವಾಗಿ ಬಳಸುವುದು 23×36 ಇಂಚಿನ ಹಾಳೆ. ಅರ್ಧ ಮಾಡಿದರೆ 18×23. ಅದರ ಒಂದು ಬದಿಗೆ 8 ಪುಟ, ಎರಡು ಬದಿಗೆ 16. ಅದೇ ಒಂದು ಫಾರಂ. 23 ಇಂಚಿನ ಉದ್ದಕ್ಕೆ ನಾಲ್ಕು ಪುಟ, 18ರ ಅಗಲಕ್ಕೆ ಎರಡು ಪುಟ. ಒಂದೊಂದು ಪುಟದ ಪಾಲಿಗೆ ಬರುವ ಜಾಗ 5.75×9 ಇಂಚು, ಅಂದರೆ 146×228.6 ಮಿ.ಮೀ.

ಅಗಲದಲ್ಲಿ 140 ಕಳೆದರೆ 6 ಮಿ.ಮೀ. ಉಳಿಯಿತು. ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ (ಹೊಲಿಗೆಯಿಲ್ಲದೆ ಬೆನ್ನಿಗೆ ಗೋಂದು ಹಾಕಿ ಕಟ್ಟುವುದು) ಗೋಂದು ಹಿಡಿಯಲೆಂದು ಬೆನ್ನನ್ನು 2–3 ಮಿ.ಮೀ. ಉಜ್ಜುತ್ತಾರೆ. ಹೊರಬದಿಗೆ ಮಿಕ್ಕಿದ್ದು 3. ಬ್ಲೀಡ್‌ಗೆ ಕರಾರುವಾಕ್ಕಾಗಿ ಅಷ್ಟೇ ಸಾಕು. ಬಿಗಿ, ಆದರೆ ನಡೆಯುತ್ತದೆ.

ಎತ್ತರಕ್ಕೆ ಬನ್ನಿ. 228.6ರಲ್ಲಿ 216 ಕಳೆದರೆ 12.6. ಎರಡು ಸಾಲು ಪುಟಗಳ ತಲೆಗಳು ಹಾಳೆಯ ನಡುವಿನ ಮಡಿಕೆಯಲ್ಲಿ ಒಂದಕ್ಕೊಂದು ಎದುರಾಗಿರುತ್ತವೆ. ತಲೆಗೆ 3 ಕೊಟ್ಟರೆ ಬುಡಕ್ಕೆ ಉಳಿಯುವುದು 9.6. ಒಂದು ಸಾಲಿನ ಪುಟಗಳ ಬುಡ ಬರುವುದು ಮಷೀನಿನ ಗ್ರಿಪ್ಪರ್ ಹಾಳೆಯನ್ನು ಕಚ್ಚಿ ಎಳೆಯುವ ಅಂಚಿಗೆ. ಗ್ರಿಪ್ಪರ್‌ಗೆ 10 ಮಿ.ಮೀ. ಆಸುಪಾಸು ಖಾಲಿ ಜಾಗ ಬೇಕೇ ಬೇಕು. ಅಲ್ಲಿ ಅಚ್ಚು ಬೀಳುವುದೇ ಇಲ್ಲ. 9.6ರಲ್ಲಿ ಗ್ರಿಪ್ಪರ್‌ಗೇ ಸಾಲದು, ಇನ್ನು 3 ಮಿ.ಮೀ. ಬ್ಲೀಡ್ ಎಲ್ಲಿಂದ ತರುವುದು? ಬರೀ ಅಕ್ಷರದ ಪುಟವಾದರೆ ತೊಂದರೆಯಿಲ್ಲ, ಬುಡದಲ್ಲಿ ಹೇಗೂ 15–18 ಮಿ.ಮೀ. ಮಾರ್ಜಿನ್ ಇರುತ್ತದೆ. ಪುಟದ ಬುಡದವರೆಗೂ ಚಿತ್ರ ಹರಿದಿದ್ದರೆ ಮಾತ್ರ ಒಂದು ಸಾಲಿನ ಪುಟಗಳಲ್ಲಿ ಬಿಳಿ ಪಟ್ಟಿ ಗ್ಯಾರಂಟಿ. ಎದುರು ಸಾಲಿನ ಪುಟಗಳು ಚೆನ್ನಾಗಿಯೇ ಬರುತ್ತವೆ. ಒಂದೇ ಪುಸ್ತಕದಲ್ಲಿ ಕೆಲವು ಚಿತ್ರ ಸರಿ, ಕೆಲವು ಕೆಟ್ಟಿರುವುದರ ಗುಟ್ಟು ಅನೇಕ ಸಲ ಇದೇ.

ದಾರಿಗಳಿವೆ. ಪುಸ್ತಕದ ಎತ್ತರವನ್ನು 210 ಮಿ.ಮೀ.ಗೆ ಇಳಿಸಿದರೆ 18.6 ಉಳಿಯುತ್ತದೆ: ತಲೆಗೆ 3, ಬುಡದ ಬ್ಲೀಡ್‌ಗೆ 3, ಗ್ರಿಪ್ಪರ್‌ಗೆ 12.6. ಎಲ್ಲರಿಗೂ ಸಾಕು, ಕಾಗದದ ಖರ್ಚೂ ಏರುವುದಿಲ್ಲ. ಓದುಗರಿಗೆ 6 ಮಿ.ಮೀ. ಕಡಿಮೆಯಾದದ್ದು ಗೊತ್ತೂ ಆಗುವುದಿಲ್ಲ. ಚಿತ್ರಗಳು ಬಹಳವಿದ್ದರೆ ಇದೇ ಒಳ್ಳೆಯದು ಅನ್ನಿಸುತ್ತದೆ. ಎರಡನೆಯದು 19×25ರಂಥ ದೊಡ್ಡ ಹಾಳೆ; ವೇಸ್ಟೇಜ್ ದುಡ್ಡು ತೆರಬೇಕು. ಮೂರನೆಯದು ಬಣ್ಣದ ಚಿತ್ರಗಳನ್ನೆಲ್ಲ ಒಟ್ಟುಮಾಡಿ 130 ಜಿಎಸ್‌ಎಂ ಆರ್ಟ್ ಪೇಪರಿನಲ್ಲಿ 8 ಪುಟದ ಬೇರೆ ಫಾರಂ ಮಾಡಿ ನಡುವೆ ಸೇರಿಸುವುದು. ನಾಲ್ಕನೆಯದು ವಿನ್ಯಾಸದಲ್ಲೇ ಚಿತ್ರವನ್ನು ತಲೆ ಮತ್ತು ಹೊರಬದಿಗೆ ಮಾತ್ರ ಹರಿಸಿ, ಬುಡದಲ್ಲಿ ಬಿಳಿ ಬಿಟ್ಟು ಅಲ್ಲಿ ಚಿತ್ರದ ವಿವರ ಹಾಕುವುದು. ಯಾವುದಾದರೂ ಸರಿ, ಪುಟ ಕಟ್ಟುವ ಮೊದಲೇ ಪ್ರೆಸ್ಸಿಗೆ ಒಂದು ಫೋನ್ ಮಾಡಿ ‘ಒಳಪುಟದಲ್ಲಿ ಬ್ಲೀಡ್ ಇದೆ, ಯಾವ ಹಾಳೆ ಹಾಕ್ತೀರಿ, ಕಟ್ ಸೈಜ್ ಎಷ್ಟು ಸಿಗುತ್ತೆ?’ ಎಂದು ಕೇಳಿ. 208 ಪುಟ ಕಟ್ಟಿ ಮುಗಿದ ಮೇಲೆ ಎತ್ತರ 6 ಮಿ.ಮೀ. ಇಳಿಸುವುದೆಂದರೆ ಇಡೀ ಪುಸ್ತಕದ ಸಾಲುಗಳು ಮತ್ತೆ ಹರಿದಾಡುತ್ತವೆ.

ಡಿಜಿಟಲ್ ಪ್ರಿಂಟ್‌ನಲ್ಲೂ ಇದೇ ಕತೆಯ ಚಿಕ್ಕ ರೂಪ. ಎ3 ಪೋಸ್ಟರ್ 297×420; ಬ್ಲೀಡ್ ಸೇರಿ 303×426. 12×18 ಇಂಚಿನ ಹಾಳೆಯ ಅಗಲ 304.8. ಕಾಗದದ ಮೇಲೆ ಹಿಡಿಸಿದಂತೆ ಕಾಣುತ್ತದೆ, ಆದರೆ ಮಷೀನು ನಾಲ್ಕೂ ಅಂಚಿನಲ್ಲಿ ಕೆಲವು ಮಿ.ಮೀ. ಅಚ್ಚು ಹಾಕುವುದಿಲ್ಲ. 13×19 ಹಾಳೆ ಕೇಳಬೇಕು.

ಸಾಫ್ಟ್‌ವೇರ್‌ನಲ್ಲಿ

ಇನ್‌ಡಿಸೈನ್‌ನಲ್ಲಿ ಹೊಸ ಡಾಕ್ಯುಮೆಂಟ್ ಮಾಡುವಾಗಲೇ ‘ಬ್ಲೀಡ್ ಆ್ಯಂಡ್ ಸ್ಲಗ್’ ತೆರೆದು ಅಳತೆ ಕೊಡಿ. ನಾಲ್ಕೂ ಬದಿಯನ್ನು ಜೋಡಿಸಿರುವ ಸರಪಳಿ ಚಿಹ್ನೆ ಬಿಡಿಸಿದರೆ ಒಳಬದಿಗೆ 0, ಉಳಿದದ್ದಕ್ಕೆ 3 ಹಾಕಬಹುದು. ಪುಟದ ಸುತ್ತ ಕೆಂಪು ಗೆರೆ ಬರುತ್ತದೆ. ಅಂಚು ಮುಟ್ಟುವ ಪ್ರತಿ ಚಿತ್ರದ, ಬಣ್ಣದ ಪಟ್ಟಿಯ ಚೌಕಟ್ಟನ್ನು ಆ ಕೆಂಪು ಗೆರೆಯವರೆಗೆ ಎಳೆಯಿರಿ. ಸೆಟ್ಟಿಂಗ್ ಕೊಟ್ಟ ಮಾತ್ರಕ್ಕೆ ಬ್ಲೀಡ್ ಹುಟ್ಟುವುದಿಲ್ಲ. ಅದು ಗೆರೆ ಹಾಕಿಕೊಡುತ್ತದೆ, ತುಂಬುವುದು ನಮ್ಮ ಕೆಲಸ. ಚೌಕಟ್ಟು ಎಳೆದರೂ ಒಳಗಿನ ಫೋಟೊ ಅಲ್ಲಿಯವರೆಗೆ ಇದೆಯೇ ಎಂಬುದನ್ನೂ ನೋಡಿ. ಎಷ್ಟೋ ಸಲ ಚೌಕಟ್ಟು ಮಾತ್ರ ದಾಟಿರುತ್ತದೆ. ಮುಖಪುಟವನ್ನು ಎದುರುಬದುರು ಪುಟಗಳಾಗಿ ಮಾಡದೆ 290×216ರ ಒಂದೇ ಪುಟವಾಗಿ ಮಾಡಿ, 140 ಮತ್ತು 150ರಲ್ಲಿ ಗೈಡ್ ಹಾಕಿಕೊಳ್ಳಿ.

ಎಕ್ಸ್‌ಪೋರ್ಟ್ ಮಾಡುವಾಗ ‘ಪ್ರಿಂಟ್’ ಪಿಡಿಎಫ್ ಆರಿಸಿ. ಒಳಪುಟಗಳು ಬಿಡಿ ಪುಟಗಳಾಗಿಯೇ ಹೋಗಬೇಕು. ‘ಸ್ಪ್ರೆಡ್ಸ್’ (ಎದುರುಬದುರು ಪುಟಗಳ ಜೋಡಿ) ಬೇಡ, ಏಕೆಂದರೆ ಫಾರಂಗೆ ಪುಟ ಜೋಡಿಸುವವರು 1ನೇ ಫಾರಂನಲ್ಲಿ 16ರ ಪಕ್ಕ 1 ಇಡುತ್ತಾರೆ, 2ರ ಪಕ್ಕ 3 ಅಲ್ಲ. ‘ಮಾರ್ಕ್ಸ್ ಆ್ಯಂಡ್ ಬ್ಲೀಡ್ಸ್’ನಲ್ಲಿ ಕ್ರಾಪ್ ಮಾರ್ಕ್ (ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಮೂಲೆಯ ಗೆರೆಗಳು) ಮತ್ತು ‘ಯೂಸ್ ಡಾಕ್ಯುಮೆಂಟ್ ಬ್ಲೀಡ್ ಸೆಟ್ಟಿಂಗ್ಸ್’ ಎರಡಕ್ಕೂ ಟಿಕ್. ಅಲ್ಲೇ ‘ಆಫ್‌ಸೆಟ್’ ಎಂಬ ಅಂಕಿ (ಕಟಿಂಗ್ ಗೆರೆಗೂ ಕ್ರಾಪ್ ಮಾರ್ಕಿಗೂ ನಡುವಿನ ದೂರ) ತಾನಾಗಿ 2.117 ಮಿ.ಮೀ. ಇರುತ್ತದೆ. 3 ಮಿ.ಮೀ. ಬ್ಲೀಡ್ ಇದ್ದರೆ ಕ್ರಾಪ್ ಮಾರ್ಕಿನ ತುದಿ ಬಣ್ಣದ ಮೇಲೆಯೇ ಬೀಳುತ್ತದೆ. ಅದನ್ನು ಬ್ಲೀಡ್‌ನಷ್ಟೇ ಅಥವಾ ಅದಕ್ಕಿಂತ ಹೆಚ್ಚು ಮಾಡಿ. ಯುನಿಕೋಡ್ ಕನ್ನಡ ಬಳಸಿದ್ದರೆ ಪ್ಯಾರಾಗ್ರಾಫ್ ಕಂಪೋಸರ್ ‘ವರ್ಲ್ಡ್-ರೆಡಿ’ ಆಗಿರಬೇಕು, ಇಲ್ಲದಿದ್ದರೆ ಒತ್ತಕ್ಷರ ಒಡೆದು ಬಿಡಿಬಿಡಿಯಾಗುತ್ತದೆ.

ಕೋರೆಲ್‌ಡ್ರಾದಲ್ಲಿ ಪುಟದ ಅಳತೆಯ ಕಿಟಕಿಯಲ್ಲೇ ಬ್ಲೀಡ್ ಅಂಕಿ ಇದೆ. ವ್ಯೂ ಮೆನುವಿನಲ್ಲಿ ಅದನ್ನು ಕಾಣುವಂತೆ ಮಾಡಿಕೊಳ್ಳಬಹುದು. ಪಿಡಿಎಫ್ ಮಾಡುವಾಗ ‘ಪ್ರಿಪ್ರೆಸ್’ ಭಾಗದಲ್ಲಿ ಬ್ಲೀಡ್ ಮತ್ತು ಕ್ರಾಪ್ ಮಾರ್ಕ್‌ಗೆ ಟಿಕ್ ಹಾಕಬೇಕು. ಕೋರೆಲ್‌ನವರ ಖಾಯಂ ತಪ್ಪು ಪವರ್‌ಕ್ಲಿಪ್. ಪುಟದಷ್ಟೇ ಅಳತೆಯ ಚೌಕ ಮಾಡಿ ಎಲ್ಲವನ್ನೂ ಅದರೊಳಗೆ ತುರುಕುತ್ತಾರೆ. ನೋಡಲು ಚೊಕ್ಕ, ಬ್ಲೀಡ್ ಮಾತ್ರ ಪೂರ್ತಿ ಕತ್ತರಿಸಿ ಹೋಗಿರುತ್ತದೆ. ಚೌಕವನ್ನು ಬ್ಲೀಡ್ ಅಳತೆಗೆ ಹಿಗ್ಗಿಸಿ. ಮುಖಪುಟದ ನುಡಿ, ಶ್ರೀಲಿಪಿ ಅಕ್ಷರಗಳನ್ನು ಕಳಿಸುವ ಮೊದಲು ಕರ್ವ್ಸ್ (ಫಾಂಟ್ ಬೇಡದ ಗೆರೆ ಆಕಾರಗಳು) ಮಾಡಿಬಿಡಿ, ಆ ಫಾಂಟ್ ಇಲ್ಲದ ಕಡೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಚಿಹ್ನೆಗಳ ಸಂತೆಯಾಗುವುದು ತಪ್ಪುತ್ತದೆ. ತಿದ್ದಬಹುದಾದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ.

ಪೇಜ್‌ಮೇಕರ್ ಇನ್ನೂ ಬದುಕಿರುವ ಅಂಗಡಿಗಳಿವೆ. ಅದರಲ್ಲಿ ಬ್ಲೀಡ್‌ಗೆಂದು ಖಾನೆಯಿಲ್ಲ. ಬ್ಲೀಡ್ ಬೇಕಾದ ಪುಟವನ್ನು ಬೇರೆ ಫೈಲಿನಲ್ಲಿ 146×222ರ ಪುಟವಾಗಿ ಮಾಡಿ, 3 ಮಿ.ಮೀ. ಒಳಗೆ ಗೈಡ್ ಎಳೆದು, ‘ಕಟ್ ಸೈಜ್ 140×216’ ಎಂದು ಪ್ರೆಸ್ಸಿಗೆ ತಿಳಿಸುವುದೇ ನೇರ ದಾರಿ. ವರ್ಡ್‌ಗೂ ಇದೇ ಮದ್ದು. ಸ್ಕ್ರೈಬಸ್‌ನಲ್ಲಿ ಡಾಕ್ಯುಮೆಂಟ್ ಸೆಟಪ್‌ನಲ್ಲೂ ಪಿಡಿಎಫ್ ಎಕ್ಸ್‌ಪೋರ್ಟಿನ ‘ಪ್ರಿ-ಪ್ರೆಸ್’ನಲ್ಲೂ ಎರಡು ಕಡೆ ಬ್ಲೀಡ್ ಹೇಳಬೇಕು. ಕ್ಯಾನ್ವಾದಲ್ಲಿ ‘ಶೋ ಪ್ರಿಂಟ್ ಬ್ಲೀಡ್’ ಒತ್ತಿ, ಹಿನ್ನೆಲೆಯನ್ನು ಆಚೆಗೆ ಎಳೆದು, ‘ಪಿಡಿಎಫ್ ಪ್ರಿಂಟ್’ನಲ್ಲಿ ‘ಕ್ರಾಪ್ ಮಾರ್ಕ್ಸ್ ಆ್ಯಂಡ್ ಬ್ಲೀಡ್’ ಆರಿಸಿ.

ಬ್ಲೀಡ್ ಇಲ್ಲದೆ ಬಂದ ಚಿತ್ರ

ಕಲಾವಿದರು 140×216ಕ್ಕೆ ಸರಿಯಾಗಿ ಮುಖಚಿತ್ರ ಮಾಡಿ, ಪುಸ್ತಕದ ಹೆಸರನ್ನೂ ಅದರಲ್ಲೇ ಬರೆದು ಕಳಿಸಿದ್ದಾರೆ ಅಂದುಕೊಳ್ಳಿ. ‘ಸ್ವಲ್ಪ ದೊಡ್ಡದು ಮಾಡಿಬಿಡಿ’ ಎನ್ನುವುದು ಮೊದಲು ಬರುವ ಸಲಹೆ. ಲೆಕ್ಕ ಹಾಕಿ ನೋಡಿ. ಬದಿಗೆ ಬರೀ 3 ಮಿ.ಮೀ. ಸಾಕೆಂದುಕೊಂಡರೂ 140 ಅನ್ನು 146 ಮಾಡಲು 104.3%ಗೆ ಹಿಗ್ಗಿಸಬೇಕು. ಹೆಸರಿನ ಕೊನೆಯ ಅಕ್ಷರ ಬಲ ಅಂಚಿನಿಂದ 4 ಮಿ.ಮೀ. ಒಳಗಿತ್ತು, ಅಂದರೆ ಚಿತ್ರದ ನಡುವಿನಿಂದ 66 ಮಿ.ಮೀ. ದೂರ. ಹಿಗ್ಗಿಸಿದ ಮೇಲೆ ಅದು 68.8 ಆಗುತ್ತದೆ. ಕಟಿಂಗ್ ಗೆರೆ 70ರಲ್ಲಿದೆ. ಉಳಿದದ್ದು 1.2 ಮಿ.ಮೀ. ಬಿಳಿ ಗೆರೆ ತಪ್ಪಿಸಲು ಹೋಗಿ ಅಕ್ಷರವನ್ನೇ ಬ್ಲೇಡಿನ ಬಾಯಿಗೆ ಕೊಟ್ಟಂತಾಯಿತು. ಅಂಚಿನ ಹತ್ತಿರ ಏನೂ ಇಲ್ಲದ ಚಿತ್ರಕ್ಕೆ ಮಾತ್ರ ಈ ಉಪಾಯ.

ಆಕಾಶ, ಗೋಡೆ, ಎಲೆಗಳಂಥ ಹಿನ್ನೆಲೆಯಾದರೆ ಫೋಟೊಶಾಪ್‌ನಲ್ಲಿ ಕ್ಯಾನ್ವಾಸ್ ಹಿಗ್ಗಿಸಿ, ಅಂಚಿನ 3 ಮಿ.ಮೀ. ಪಟ್ಟಿಯನ್ನು ಆಯ್ದು ಕನ್ನಡಿಯಂತೆ ತಿರುಗಿಸಿ ಹೊರಗೆ ಅಂಟಿಸಬಹುದು. ಬಹುಪಾಲು ಕತ್ತರಿಸಿ ಹೋಗುವ ಭಾಗವಾದ್ದರಿಂದ ಜೋಡಣೆ ತುಸು ಒರಟಾದರೂ ನಡೆಯುತ್ತದೆ. ಮುಖ, ಕೈಬೆರಳು, ಗೆರೆಚಿತ್ರ ಅಂಚಿನಲ್ಲಿದ್ದರೆ ಕನ್ನಡಿ ಉಪಾಯ ವಿಕಾರವಾಗುತ್ತದೆ. ಕಲಾವಿದರಿಗೇ ವಾಪಸ್ ಕಳಿಸಿ.

ಸಂಘದ ಸ್ಮರಣ ಸಂಚಿಕೆಗಳಲ್ಲಿ ಈ ಗೋಳು ಹತ್ತು ಪಟ್ಟು. ಜಾಹೀರಾತುಗಳು ವಾಟ್ಸ್‌ಆ್ಯಪ್ ಫೋಟೊಗಳಾಗಿ, ಕುಗ್ಗಿದ ಪಿಕ್ಸೆಲ್‌ಗಳಲ್ಲಿ, ಬ್ಲೀಡ್ ಇಲ್ಲದೆ, ಅಂಗಡಿಯ ಫೋನ್ ನಂಬರು ಅಂಚಿಗೆ ಒತ್ತಿಕೊಂಡು ಬರುತ್ತವೆ. ಅವನ್ನು ಅಂಚಿನವರೆಗೆ ಹಿಗ್ಗಿಸುವ ಗೋಜಿಗೆ ಹೋಗಬೇಡಿ. ಸುತ್ತ 8–10 ಮಿ.ಮೀ. ಬಿಳಿ ಬಿಟ್ಟು, ತೆಳು ಗೆರೆಯ ಚೌಕದೊಳಗೆ ಕೂರಿಸಿ. ಜಾಹೀರಾತು ಕೊಟ್ಟವರಿಗೂ ಸಮಾಧಾನ, ನಂಬರೂ ಉಳಿಯುತ್ತದೆ. ಮುಂದಿನ ಸಲಕ್ಕೆ ‘ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ’ ಎಂದು ಅಳತೆಯ ಜೊತೆಗೇ ಬರೆದುಕೊಡಿ. ಅಮೆರಿಕದ ಕನ್ನಡ ಕೂಟಗಳ ಸಂಚಿಕೆಗೆ ಇಲ್ಲಿ ಕುಳಿತು ಪುಟ ಕಟ್ಟುವವರು ಎ4 ಹಿಡಿದು ಶುರುಮಾಡಬಾರದು. ಅಲ್ಲಿನ ಲೆಟರ್ ಅಳತೆ 8.5×11 ಇಂಚು, ಬ್ಲೀಡ್ ಸೇರಿ 8.75×11.25. ಎ4ಗಿಂತ ಅಗಲ ಜಾಸ್ತಿ, ಎತ್ತರ ಹದಿನೇಳೂವರೆ ಮಿ.ಮೀ. ಕಡಿಮೆ.

ಇಂಥ ಸಂಚಿಕೆಗಳು ಸಾಮಾನ್ಯವಾಗಿ ಸೆಂಟರ್ ಪಿನ್, ಅಂದರೆ ನಡುಮಡಿಕೆಯಲ್ಲಿ ಪಿನ್ ಹೊಡೆದವು. 64 ಪುಟವೆಂದರೆ 16 ಹಾಳೆ ಒಂದರೊಳಗೊಂದು ಮಡಿಚಿ ಕೂತಿರುತ್ತವೆ. 0.1 ಮಿ.ಮೀ. ಕಾಗದವಾದರೆ ಒಳಗಿನ ಹಾಳೆ ಹೊರಗಿನದಕ್ಕಿಂತ ಸುಮಾರು ಒಂದೂವರೆ ಮಿ.ಮೀ. ಮುಂದೆ ಚಾಚುತ್ತದೆ, ಕತ್ತರಿಸಿದಾಗ ಅಷ್ಟು ಹೋಗುತ್ತದೆ. ನಡುವಿನ ಪುಟಗಳಲ್ಲಿ ಹೊರಬದಿಯ ಪುಟಸಂಖ್ಯೆ ಅಂಚಿಗೆ ಹತ್ತಿರವಾಗುವುದು ಇದರಿಂದಲೇ. ಇದರ ಸರಿಪಡಿಕೆಯನ್ನು ಪುಟ ಜೋಡಿಸುವಾಗ ಪ್ರೆಸ್ಸಿನವರೇ ಮಾಡುತ್ತಾರೆ. ನಾವೂ ಫೈಲಿನಲ್ಲಿ ಸರಿಸಿಟ್ಟರೆ ಎರಡು ಸಲ ಸರಿಪಡಿಸಿದಂತಾಗಿ ಉಲ್ಟಾ ಹೊಡೆಯುತ್ತದೆ. ಪುಟಸಂಖ್ಯೆಯನ್ನು 10 ಮಿ.ಮೀ. ಒಳಗಿಟ್ಟು ಸುಮ್ಮನಿರಿ.

ಒತ್ತಕ್ಷರದ ಲೆಕ್ಕ

ಇಂಗ್ಲಿಷ್ ಮಾದರಿಯ ಟೆಂಪ್ಲೇಟುಗಳು ಕನ್ನಡಕ್ಕೆ ಕೈಕೊಡುವುದು ಅಂಚಿನಲ್ಲೇ. ಮುಖಪುಟದ ಬುಡದಲ್ಲಿ 30 ಪಾಯಿಂಟಿನಲ್ಲಿ ‘ರಾಷ್ಟ್ರ’ ಎಂದು ಹಾಕಿ, ಅಕ್ಷರ ಕೂರುವ ಗೆರೆಯನ್ನು ಕಟಿಂಗ್‌ನಿಂದ 6 ಮಿ.ಮೀ. ಮೇಲಿಟ್ಟಿದ್ದೀರಿ. ಸುರಕ್ಷಿತ ಅನ್ನಿಸುತ್ತದೆ. ಆದರೆ ಷಕಾರದ ಕೆಳಗೆ ಟ-ಒತ್ತು, ಅದರ ಪಕ್ಕಕ್ಕೋ ಕೆಳಕ್ಕೋ ರ-ಒತ್ತು; ಫಾಂಟಿಗೆ ತಕ್ಕಂತೆ ಅವು 4 ಮಿ.ಮೀ. ಕೆಳಗಿಳಿಯುತ್ತವೆ. ಉಳಿದದ್ದು 2. ಮೊದಲು ಬಲಿಯಾಗುವುದು ಒತ್ತು. ಒತ್ತು ಅರ್ಧ ಹೋದರೆ ಪದವೇ ಬೇರೆ. ಆದ್ದರಿಂದ ಸುರಕ್ಷಿತ ದೂರವನ್ನು ಒತ್ತಿನ ತುದಿಯಿಂದ ಅಳೆಯಿರಿ.

10 ಮಿ.ಮೀ. ಬೆನ್ನಿನಲ್ಲಿ ಹೆಸರಿಗೆ ಸಿಗುವುದು 6–7 ಮಿ.ಮೀ., ಮಡಿಕೆ ಎರಡು ಕಡೆ ಜಾರಬಹುದಾದ್ದರಿಂದ. ಆ 7ರೊಳಗೆ ಮೇಲಿನ ಗುಡಿಸು, ಏತ್ವವೂ ಕೆಳಗಿನ ಒತ್ತೂ ಹಿಡಿಸಬೇಕು. ಸಾಫ್ಟ್‌ವೇರ್ ನಡುವಿಗೆ ಕೂರಿಸಿದ್ದನ್ನು ನಂಬಬೇಡಿ. ಒಂದೇ ಒಂದು ಒತ್ತು ಇದ್ದರೂ ಅದು ಇಡೀ ಹೆಸರನ್ನು ಮೇಲಕ್ಕೆ ತಳ್ಳಿಬಿಡುತ್ತದೆ. ಅಕ್ಷರಗಳ ಹೊಟ್ಟೆಭಾಗವನ್ನು ಬೆನ್ನಿನ ನಡುಗೆರೆಗೆ ಕಣ್ಣಳತೆಯಲ್ಲಿ ತಂದು, ಒತ್ತು ಇಳಿದರೆ ಇಳಿಯಲಿ ಎಂದು ಬಿಡುವುದು ಚೆಂದ. ಬೆನ್ನು 5 ಮಿ.ಮೀ.ಗಿಂತ ಕಡಿಮೆಯಾದರೆ ಹೆಸರು ಹಾಕದಿರುವುದೇ ಮೇಲು.

ಕಪ್ಪು ಬಣ್ಣದ ಬಗ್ಗೆ ಎರಡು ಮಾತು. ಅಕ್ಷರಕ್ಕೆ ಕಪ್ಪು ಶಾಯಿ ಒಂದೇ, 100%. ಫೋಟೊಶಾಪ್‌ನ ಮಾಮೂಲಿ ಕಪ್ಪಿನಲ್ಲಿ ನಾಲ್ಕೂ ಶಾಯಿ ಸೇರಿರುತ್ತವೆ, ನಾಲ್ಕು ಪ್ಲೇಟ್ ಕೂದಲೆಳೆ ಜಾರಿದರೂ ಸಣ್ಣ ಅಕ್ಷರದ ಸುತ್ತ ಬಣ್ಣದ ನೆರಳು ಬರುತ್ತದೆ. ಅಂಚಿನವರೆಗೆ ಹರಡಿದ ದೊಡ್ಡ ಕಪ್ಪು ಹಿನ್ನೆಲೆಗೆ ಮಾತ್ರ ಬರೀ ಕಪ್ಪು ಶಾಯಿ ಬೂದು ಹೊಡೆಯುತ್ತದೆ. ಸಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100 ಕೊಡಿ, ಒಟ್ಟು 240%. ‘ರಿಜಿಸ್ಟ್ರೇಷನ್’ ಎಂಬ, ನಾಲ್ಕೂ ಪ್ಲೇಟಿನಲ್ಲಿ 100% ಬೀಳುವ ಬಣ್ಣವನ್ನು ಕಪ್ಪೆಂದು ತಿಳಿದು ಹಿನ್ನೆಲೆಗೆ ಹಾಕಿದರೆ 400% ಶಾಯಿ. ಒಣಗುವುದಿಲ್ಲ, ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಲ್ಯಾಮಿನೇಷನ್ ಇಲ್ಲದ ಗಾಢ ಮುಖಪುಟವಾದರೆ ಬೆನ್ನಿನ ಮಡಿಕೆಯಲ್ಲಿ ಶಾಯಿ ಬಿರಿದು ಬಿಳಿ ಕಾಣುತ್ತದೆ. ಕ್ರೀಸಿಂಗ್ (ಮಡಿಕೆಗೆ ಮೊದಲೇ ಗೆರೆ ಒತ್ತುವುದು) ಮಾಡಿಸಿ, ಮ್ಯಾಟ್ ಲ್ಯಾಮಿನೇಷನ್ ಹಾಕಿಸಿ.

ಕಳಿಸುವ ಮುನ್ನ

ಪಿಡಿಎಫ್ ತೆರೆದು ಪ್ರಾಪರ್ಟೀಸ್‌ನಲ್ಲಿ ಪುಟದ ಅಳತೆ ನೋಡಿ. ಮುಖಪುಟ 290×216 ಎಂದು ತೋರಿಸಿದರೆ ಬ್ಲೀಡ್ ಎಕ್ಸ್‌ಪೋರ್ಟ್‌ನಲ್ಲಿ ಬಿದ್ದುಹೋಗಿದೆ ಎಂದೇ ಅರ್ಥ. 300×226 ಇರಬೇಕು, ಕ್ರಾಪ್ ಮಾರ್ಕ್ ಸೇರಿದ್ದರೆ ಅದಕ್ಕೂ ದೊಡ್ಡದು. ಆಕ್ರೊಬ್ಯಾಟ್‌ನ ಪೇಜ್ ಡಿಸ್‌ಪ್ಲೇ ಆಯ್ಕೆಗಳಲ್ಲಿ ಟ್ರಿಮ್ ಮತ್ತು ಬ್ಲೀಡ್ ಚೌಕ ತೋರಿಸುವಂತೆ ಮಾಡಿಕೊಂಡರೆ ಕತ್ತರಿಸುವ ಗೆರೆ, ಬ್ಲೀಡಿನ ಗೆರೆ ಎರಡೂ ಪರದೆಯ ಮೇಲೆ ಬರುತ್ತವೆ. ಅಚ್ಚಿಗೆಂದೇ ಇರುವ ಪಿಡಿಎಫ್ ಮಾದರಿಗಳಲ್ಲಿ ಪಿಡಿಎಫ್/ಎಕ್ಸ್-1ಎ ಬೇಕೋ ಎಕ್ಸ್-4 ಬೇಕೋ ಎಂದು ಪ್ರೆಸ್ಸಿನವರನ್ನೇ ಕೇಳಿ. ಮೊದಲನೆಯದು ಪಾರದರ್ಶಕ ಪದರಗಳನ್ನು ಒಂದಾಗಿಸಿಬಿಡುತ್ತದೆ, ಎರಡನೆಯದು ಹಾಗೆಯೇ ಉಳಿಸುತ್ತದೆ. ಹಳೆಯ ಸಿಟಿಪಿ (ಕಂಪ್ಯೂಟರಿನಿಂದ ನೇರವಾಗಿ ಪ್ಲೇಟ್ ಮಾಡುವ) ವ್ಯವಸ್ಥೆ ಇರುವಲ್ಲಿ 1ಎ ನೆಮ್ಮದಿ.

ಆಮೇಲೆ ಮುಖಪುಟವನ್ನು ಎ3 ಹಾಳೆಯಲ್ಲಿ ‘ಆ್ಯಕ್ಚುಯಲ್ ಸೈಜ್’ನಲ್ಲಿ ಪ್ರಿಂಟ್ ತೆಗೆಯಿರಿ, ‘ಫಿಟ್’ ಆರಿಸಿದರೆ ತಾನೇ ಕುಗ್ಗಿಸಿಬಿಡುತ್ತದೆ. ಸ್ಕೇಲ್ ಇಟ್ಟು ಅಳೆದು, ಕ್ರಾಪ್ ಮಾರ್ಕಿನಲ್ಲಿ ಬ್ಲೇಡಿನಿಂದ ಕತ್ತರಿಸಿ, 104 ಖಾಲಿ ಹಾಳೆಯ ಡಮ್ಮಿಗೆ ಸುತ್ತಿ ನೋಡಿ. ಬೆನ್ನಿನ ಹೆಸರು ಮುಂಬದಿಗೆ ಜಾರಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಫೈಲಿನ ಜೊತೆ ಹೋಗುವ ಒಕ್ಕಣೆ ಇಷ್ಟು ಸಾಕು: ‘ಕಟ್ ಸೈಜ್ 140×216 ಮಿ.ಮೀ., ಒಳಪುಟ 208, ಪುಟ 17, 48, 113ರಲ್ಲಿ ಮೇಲೆ ಮತ್ತು ಹೊರಬದಿಗೆ 3 ಮಿ.ಮೀ. ಬ್ಲೀಡ್ ಇದೆ, ಮುಖಪುಟ ಬ್ಲೀಡ್ ಸೇರಿ 300×226, ನಾಲ್ಕೂ ಬದಿಗೆ 5, ಬೆನ್ನು 10, 70 ಜಿಎಸ್‌ಎಂ ಮ್ಯಾಪ್‌ಲಿಥೋ, ಮುಖಪುಟ 300 ಜಿಎಸ್‌ಎಂ ಆರ್ಟ್ ಕಾರ್ಡ್, ಮ್ಯಾಟ್ ಲ್ಯಾಮಿನೇಷನ್, ಪರ್ಫೆಕ್ಟ್ ಬೈಂಡಿಂಗ್. ಮೊದಲು ಒಂದೇ ಪ್ರತಿ ಬೈಂಡ್ ಮಾಡಿ ಕತ್ತರಿಸಿ ತೋರಿಸಿ, ನೋಡಿದ ಮೇಲೆ ಉಳಿದದ್ದು ಕತ್ತರಿಸಿ.’